ಮನೆಗೆ ಕರೆದೊಯ್ಯುವವರ ಹೆಸರು

ಆ ಕಾಗದದಲ್ಲಿ ಒಂದೇ ಸಾಲು ಖಾಲಿ ಬಿಟ್ಟಿದ್ದಳು.
ಅಲರ್ಜಿ: ಇಲ್ಲ. ಗೊರಕೆ: ಕೇಳಿದವರಿಲ್ಲ.
ಮನೆಗೆ ಕರೆದೊಯ್ಯುವವರ ಹೆಸರು:
ಅಲ್ಲಿ ಪೆನ್ನು ಎರಡು ದಿನ ನಿಂತಿತ್ತಂತೆ.

ಐಲಿ ರೌತಿಯೋ. ಹಿಮ ತಳ್ಳುವ ಹದಿನಾಲ್ಕನೇ ಗಾಡಿ.
ಇಪ್ಪತ್ತೆರಡು ಚಳಿಗಾಲ ಥಂಡರ್ ಬೇ ಊರಿನ ರಾತ್ರಿಗಳನ್ನು
ಎರಡೂ ಬದಿಗೆ ಸರಿಸಿ ದಾರಿ ಮಾಡಿದವಳು.
ನಾನು ಒರ್ವಿಲ್, ಡಿಪೋದ ರೇಡಿಯೋದವನು.
ನನಗೆ ಅವಳು ಬಹುಪಾಲು ಬರೀ ದನಿ.
ಸರೋವರದ ಗಾಳಿ ರಸ್ತೆಯನ್ನೇ ನುಂಗಿದ ರಾತ್ರಿ
'ಏನೂ ಕಾಣ್ತಿಲ್ಲ' ಅಂದಿದ್ದಳು,
ಕಾಫಿ ಆರಿಹೋಯ್ತು ಅನ್ನುವ ಹಾಗೆ.

ಅಂಥವಳು ಹನ್ನೊಂದು ವರ್ಷ
ಎಡದವಡೆಯಲ್ಲೇ ಉಂಡಿದ್ದಾಳೆ.
ಬಲಗಡೆ ಲವಂಗದೆಣ್ಣೆ, ಹತ್ತಿ, ಸುಳ್ಳು.
ಹಲ್ಲು ಕಚ್ಚಿ ಸಹಿಸು ಅನ್ನುತ್ತದೆ ಲೋಕ;
ಕಚ್ಚುವುದಕ್ಕಾದರೂ ಹಲ್ಲು ಬೇಕಲ್ಲ.

ಶಾಲೆಯ ಅಂಗಳಕ್ಕೆ ಬರುತ್ತಿದ್ದ ಹಲ್ಲಿನ ಬಸ್ಸು,
ಹಸಿರು ಬಾಗಿಲು,
ಮೊಣಕೈಯಿಂದ ಎದೆ ಒತ್ತಿ ಹಿಡಿದವನೊಬ್ಬ:
'ಅತ್ತರೆ ಇನ್ನೊಂದೂ ಕೀಳ್ತೀನಿ.'
ಆಗ ಅವಳಿಗೆ ಏಳು.
ಇದನ್ನು ಅವಳು ನನಗೆ ಹೇಳಿದ್ದಲ್ಲ,
ಕಾಫಿ ಯಂತ್ರಕ್ಕೆ ಹೇಳಿದಳು. ಪಕ್ಕದಲ್ಲಿ ನಾನಿದ್ದೆ.
ಲೋಟ ತುಂಬಿದ ಮೇಲೆ ಕೇಳಿದಳು:
'ಮಂಗಳವಾರ ನಿನಗೆ ರಜೆಯಾ?'

ಮಾತ್ರೆ ನೀಲಿ. ಅಂಗಿಯ ಗುಂಡಿಗಿಂತ ಚಿಕ್ಕದು.
ಅರ್ಧರಾತ್ರಿಯಿಂದ ಖಾಲಿ ಹೊಟ್ಟೆ, ಒಂದೇ ಗುಟುಕು ನೀರು.
'ಇಷ್ಟೇನಾ?' ಎಂದು ಅಂಗೈಯಲ್ಲಿಟ್ಟು ತೂಗಿದಳು,
ಟನ್ನುಗಟ್ಟಲೆ ಉಪ್ಪು ಸುರಿದವಳು.

ಮೊದಲು ಏನೂ ಆಗಲಿಲ್ಲ. ಬೈದಳು.
ಗೋಡೆಯ ಮೇಲಿನ ನಗುವ ಮೀನನ್ನು,
ಮೈನಸ್ ಮೂವತ್ತರಲ್ಲೂ ಟೋಪಿಯಿಲ್ಲದ ನನ್ನ ತಲೆಯನ್ನು.
ನಲವತ್ತನೇ ನಿಮಿಷಕ್ಕೆ ಭುಜಗಳು ಇಳಿದವು.
ಅವು ಅಷ್ಟು ವರ್ಷ ಏರಿಯೇ ಇದ್ದವೆಂದು
ನನಗೆ ತಿಳಿದದ್ದೇ ಆಗ.
'ಭಯ ಹೋಗಿಲ್ಲ ಒರ್ವಿಲ್,
ಪಕ್ಕದ ಮನೆಗೆ ಹೋಗಿ ಕೂತಿದೆ. ಟಿವಿ ಸದ್ದು ಕೇಳ್ತಿದೆ.'

ಬಾಗಿಲು ತೆರೆದೇ ಇರಲಿ ಅಂದಿದ್ದಳು. ಇತ್ತು.
ಬೆರಳಿಗೆ ಕ್ಲಿಪ್ಪು, ಪರದೆಯಲ್ಲಿ ಅವಳ ಉಸಿರಿನ ಲೆಕ್ಕ.
'ಎಡಗೈ ಎತ್ತಿ, ನಿಲ್ಲಿಸ್ತೀನಿ' ಅಂದರು ಡಾಕ್ಟರ್ ಬೆರ್ತೋಲೋ.
ಕೊರೆಯುವ ಸದ್ದು ಶುರುವಾಯಿತು. ಎತ್ತಿದಳು. ನಿಂತಿತು.
ಮತ್ತೆ ಶುರು. ಎತ್ತಿದಳು. ನಿಂತಿತು.
ಮೂರನೇ ಸಲ ಕೈ
ಏಳಲು ಹೊರಟು, ಯೋಚಿಸಿ, ಮಡಿಲಿಗೆ ಮರಳಿತು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ.
ಬಿಟ್ಟಳು, ಒಂದೂವರೆ ಗಂಟೆ.
ಹತ್ತಿ ಬದಲಿಸುವಾಗ ನಡುವೆ ಏನೋ ಅಂದಳು,
ಫಿನ್ನಿಶ್‌ನಲ್ಲಿ, ಏಳು ವರ್ಷದ ದನಿಯಲ್ಲಿ.
ನನಗೆ ಆ ಭಾಷೆ ಬಾರದು.
ಬಾರದಿದ್ದುದೇ ಒಳ್ಳೆಯದು ಅನ್ನಿಸಿತು.
ಕಿಟಕಿಯಾಚೆ, ಸರೋವರದ ಅಂಚಿಗೆ,
ಊರಿನ ಕಲ್ಲುದೈತ್ಯ ಎಂದಿನಂತೆ ಅಂಗಾತ ಮಲಗಿದ್ದ.
ಅವನಿಗೆ ಯಾರು ಏನು ನುಂಗಿಸಿದರೋ;
ಮನೆಗೆ ಕರೆದೊಯ್ಯುವವರು ಇನ್ನೂ ಬಂದಿಲ್ಲ.

ವಾಪಸು ಬರುವಾಗ ಅವಳು ಪಕ್ಕದ ಸೀಟಿನಲ್ಲಿ.
ಪ್ರತಿ ತಿರುವಿಗೂ ಅವಳ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.
ಸೀಟ್‌ಬೆಲ್ಟನ್ನು ಬಾಯಿಯ ಹತ್ತಿರ ಹಿಡಿದು,
ಕಣ್ಣು ಮುಚ್ಚಿಯೇ,
'ಹದಿನಾಲ್ಕು. ಏನೂ ಕಾಣ್ತಿಲ್ಲ.'
'ಕೇಳಿಸ್ತು ಹದಿನಾಲ್ಕು' ಅಂದೆ, ಎಂದಿನಂತೆ.
'ಮುಂದೆ ರಸ್ತೆ ಇದೆ. ನಿಧಾನ ಬಾ.'

ಮಾರನೆಯ ದಿನ ಕೇಳಿದಳು:
ಮಾತ್ರೆ ನುಂಗಿದ್ದು ನೆನಪಿದೆ, ನಗುವ ಮೀನು ನೆನಪಿದೆ,
ಆಮೇಲೆ ನಾನೇನಾದರೂ ಅಂದೆನಾ?
'ನನ್ನ ಡ್ರೈವಿಂಗ್ ಬೈದೆ' ಅಂದೆ.
ನಂಬಿದಳು. ಅದು ಸುಲಭವಾಗಿ ನಂಬುವಂಥದ್ದೇ.

ತಿಂಗಳಾದ ಮೇಲೆ, ನಡುರಾತ್ರಿ ಮೂರಕ್ಕೆ,
ರೇಡಿಯೋದಲ್ಲಿ ಕರುಂ ಕುರುಂ.
'ಏನದು ಹದಿನಾಲ್ಕು?'
'ರೈ ರೊಟ್ಟಿ. ಒಣಗಿದ್ದು.'
ಬಲಗಡೆಯೋ ಎಡಗಡೆಯೋ
ರೇಡಿಯೋದಲ್ಲಿ ತಿಳಿಯುವುದಿಲ್ಲ.
ಕೇಳುತ್ತ ಕೂತೆ.